ಬಾಗಿಲಿನ ಬೇವು

ಕೊರೊನಾ ಎರಡನೇ ಸಲ ಬಂದಾಗ ಟಿವಿಯ ಗುರೂಜಿಯೊಬ್ಬ, "ಇದು ರೋಗ ಅಲ್ಲ, ಅಮ್ಮ. ಸೂಜಿ ಚುಚ್ಚಿಸ್ಕೊಂಡ್ರೆ ಮುನಿಸ್ಕೋತಾಳೆ" ಅಂದಿದ್ದೇ ತಡ, ಭದ್ರಾವತಿ ಓಲ್ಡ್ ಟೌನಿನ ಆ ಓಣಿಯವರೆಲ್ಲ ದಿನಾ ಬೆಳಿಗ್ಗೆ ಬಾಗಿಲಿಗೆ ಹಸಿ ಬೇವಿನ ಸೊಪ್ಪು ಕಟ್ಟತೊಡಗಿದರು. ಅಮ್ಮ ಬಂದ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಆಶಾ ಕಾರ್ಯಕರ್ತೆ ಮಧುಶ್ರೀಯೂ ಆ ಕಟ್ಟಳೆ ನಂಬಿ ಬೆಳೆದವಳೇ. ಹಾಳಾದ ಟಿವಿಗೆ ಶಾಪ ಹಾಕುತ್ತಾ ಹೊಸಿಲಾಚೆ ನಿಂತೇ ಲಸಿಕೆಗೆ ಬನ್ನಿ ಅಂತ ಕೂಗುತ್ತಿದ್ದಳು. ಒಂಟಿ ಮುದುಕಿ ದ್ಯಾಮಮ್ಮ ಮಾತ್ರ ಕಿಟಕಿಗೆ ಬಂದು, "ಹೋಗು ಮಾರಾಯ್ತಿ, ಅಮ್ಮ ಹೋದ್ಮೇಲೆ ಬಾ" ಅಂತ ನಗುತ್ತಿದ್ದಳು.

ಮೂರು ದಿನ ಬೇರೆ ಬೀದಿಗಳನ್ನೆಲ್ಲ ಸುತ್ತಿ ಮಧುಶ್ರೀ ಮತ್ತೆ ಬಂದಾಗ ಮಟಮಟ ಮಧ್ಯಾಹ್ನ. ಓಣಿಯ ಬೇವೆಲ್ಲ ಹಸಿರಾಗಿತ್ತು. ದ್ಯಾಮಮ್ಮನ ಬಾಗಿಲದ್ದು ಮಾತ್ರ ಒಣಗಿ, ಗಾಳಿಯಿಲ್ಲದೆಯೂ ಎಲೆ ಉದುರಿಸುತ್ತಿತ್ತು. ಒಳಗೆ ಯಾರೋ ಮಾತಾಡುತ್ತಿದ್ದರು. ಮಧುಶ್ರೀಗೆ ಹೋದ ಜೀವ ಬಂದಂತಾಯಿತು.

"ಅಜ್ಜಿ, ನಾನು ಮಧುಶ್ರೀ. ಬಾಗಿಲು ತೆಗೀರಿ."

ಮಾತು ನಿಲ್ಲಲಿಲ್ಲ. ಅವಳು ಕಿಟಕಿ ತಳ್ಳಿದಳು. ಕತ್ತಲ ಕೋಣೆಯಲ್ಲಿ ಟಿವಿಯೊಂದೇ ಬೆಳಗುತ್ತಿತ್ತು. ಅದರೆದುರು ದ್ಯಾಮಮ್ಮ ಕಣ್ಣು ತೆರೆದೇ, ಉಸಿರಿಲ್ಲದೆ ಕೂತಿದ್ದಳು. ಬಾಗಿಲಿಗೆ ಕಟ್ಟಲೆಂದು ಮುರಿದು ತಂದ ಬೇವು ಮಡಿಲಲ್ಲೇ ಒಣಗಿತ್ತು.

ಟಿವಿಯೊಳಗಿನ ಗುರೂಜಿ ದ್ಯಾಮಮ್ಮನನ್ನೇ ನೋಡುತ್ತಾ ಹೇಳುತ್ತಿದ್ದ: "ಯಾರು ಕೂಗಿದ್ರೂ ಬಾಗಿಲು ತೆಗೀಬೇಡಿ."