ದೋಣಿಗೆ ಬೆಳಕು, ನನಗೆ ಕತ್ತಲು

ಗಣಿ ದುಡ್ಡು ಹರಿದು ಬಂದ ಮೇಲೆ ಬಳ್ಳಾರಿಗೆ ಬಾರದ ಯಂತ್ರವಿಲ್ಲ. ಆಕಾಶಕ್ಕೆ ಹೆಲಿಕಾಪ್ಟರ್ ಬಂತು, ರಸ್ತೆಗೆ ವಿದೇಶಿ ಕಾರು ಬಂತು, ಕೊನೆಗೆ ತಲೆಯೊಳಗಿನ ಅಲೆ ಓದುವ ಯಂತ್ರವೂ ಬಂತು. ಅದರ ಜೊತೆಗೇ ಅದನ್ನು ನಡೆಸುವ ಶಶಿರೇಖಾ ಬಂದಳು. ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ.

ನನ್ನ ಗಂಡ ಇಲಿಯಾಸ್ ಅದಿರಿನ ಲಾರಿ ಓಡಿಸುತ್ತಿದ್ದರು. ಲಾರಿ ಗುಂಡಿಗೆ ಹಾರಿ ಅವರ ತಲೆ ಕ್ಯಾಬಿನ್ನಿನ ಕಬ್ಬಿಣಕ್ಕೆ ಬಡಿಯಿತು. ರಕ್ತ ಬರಲಿಲ್ಲ, ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಆದರೆ ಅವತ್ತಿನಿಂದ ಬೆಳಕು ಕಂಡರೆ ತಲೆ ಸಿಡಿತ, ವಾಂತಿ. ಕಪ್ಪು ಕನ್ನಡಕ ಹಾಕಿಕೊಂಡು ಒಳಕೋಣೆ ಸೇರಿದರು. ನಾನು ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುವವಳು, ಟ್ಯೂಬ್‌ಲೈಟ್ ಇಲ್ಲದೆ ನನ್ನ ಕೆಲಸ ನಡೆಯದು. ಒಂದೇ ಮನೆಯಲ್ಲಿ ಅವರು ಕತ್ತಲಲ್ಲಿ, ನಾನು ಬೆಳಕಲ್ಲಿ. ತಿಂಗಳುಗಟ್ಟಲೆ ಅವರು ನನ್ನ ಮುಖವನ್ನೇ ನೋಡಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಶಶಿರೇಖಾ ನನ್ನ ಗಂಡನ ನೆತ್ತಿಗೆ ಪೇಸ್ಟು ಹಚ್ಚಿ ವೈರು ಅಂಟಿಸುತ್ತಿದ್ದಳು. ಎದುರಿನ ಪರದೆಯಲ್ಲಿ ಮಸುಕಾದ ಒಂದು ದೋಣಿ. ಮಿದುಳು ತಣ್ಣಗಾದಷ್ಟೂ ದೋಣಿ ಬೆಳಗುತ್ತದೆ, ಗಾಬರಿಯಾದರೆ ಕಪ್ಪಾಗುತ್ತದೆ. ಹೀಗೆ ಆಡಿಸಿ ಆಡಿಸಿ, ಬೆಳಕಿಗೆ ಬೆದರದಂತೆ ಮಿದುಳನ್ನು ಪಳಗಿಸುವುದಂತೆ, ಹೋರಿ ಪಳಗಿಸಿದ ಹಾಗೆ. ಪಳಗಿಸಲಿ. ಆದರೆ ಅವಳೂ ಸಿರುಗುಪ್ಪದವಳು, ಇವರೂ ಸಿರುಗುಪ್ಪದವರು, ಓದಿದ್ದು ಒಂದೇ ಶಾಲೆ. ನನ್ನ ತವರು ಕುರುಗೋಡು. ಅವರ ಹೊಳೆ, ಅವರ ಭತ್ತದ ಗದ್ದೆ, ಅವರ ಮೇಷ್ಟ್ರು ಯಾವುದೂ ನನಗೆ ಗೊತ್ತಿಲ್ಲ.

"ಶಶಿ, ಹೊಳ್ಯಾಗ ಮೇಷ್ಟ್ರ ಧೋತ್ರ ತೇಲಿಹೋಗಿದ್ದು ನೆನಪೈತೇನು?" ಅಂತ ವೈರು ಅಂಟಿಸುವಾಗ ಇವರು ನಗುವರು. ಆ ದಿನ ದೋಣಿಯೂ ಝಗ್ಗನೆ ಬೆಳಗುವುದು. ಒಮ್ಮೆ ಅವಳೆದುರು ಕನ್ನಡಕವನ್ನೇ ತೆಗೆದರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತೀರಾ? ಅನ್ನಿ. ವಾಂತಿ ಬಳಿದವಳು ನಾನು, ಆ ಕಣ್ಣಿಗೆ ಕಂಡವಳು ಅವಳು.

ನಮ್ಮಲ್ಲಿ ಮದುವೆಯ ಜಲ್ವಾದಲ್ಲಿ ಗಂಡುಹೆಣ್ಣಿನ ತಲೆಯ ಮೇಲೆ ಕೆಂಪು ಬಟ್ಟೆ ಹೊದಿಸಿ ನಡುವೆ ಕನ್ನಡಿ ಇಡುತ್ತಾರೆ. ಗಂಡ ಹೆಂಡತಿಯ ಮುಖ ಮೊದಲು ನೋಡುವುದು ಅದರಲ್ಲೇ. ಇನ್ನೊಮ್ಮೆ ಜಲ್ವಾ ಮಾಡಿಬಿಡೋಣ, ಬಟ್ಟೆಯಡಿ ಬೆಳಕೂ ಕಡಿಮೆ ಅಂದುಕೊಂಡೆ. ಪಕ್ಕ ಕೂತು, ಬಟ್ಟೆ ಹೊದಿಸಿ, ಕನ್ನಡಿ ಹಿಡಿದು "ತೆಗೀರಿ ಕನ್ನಡಕ" ಅಂದೆ. ಮುಖ ಚೆನ್ನಾಗಿ ಕಾಣಲಿ ಅಂತ ಕಿಟಕಿಯನ್ನು ಒಂಚೂರು ತೆರೆದಿಟ್ಟಿದ್ದೆ. ಬಟ್ಟೆ ಜಾರಿತು, ಬಿಸಿಲು ಕನ್ನಡಿಗೆ ಬಿದ್ದು ನೇರ ಅವರ ಕಣ್ಣಿಗೆ ಹೊಡೆಯಿತು. ಚೀರಿ ಕವುಚಿ ಮಲಗಿದರು.

ಮುಂದಿನ ವಾರ ಶಶಿರೇಖಾಗೆ ಎಲ್ಲ ಹೇಳಲೇಬೇಕಾಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾ, ಇವತ್ತು ದೋಣಿ ಬ್ಯಾಡ. ನಿಮ್ಮ ಫೋಟೋನ ಹಾಕ್ತೀನಿ, ಮೆಲ್ಲಕ ನೋಡ್ಲಿ," ಅಂದಳು.

ನನ್ನ ಮದುವೆಯ ಫೋಟೋ ಪರದೆಯಲ್ಲಿ ಮಸುಕಾಗಿ ಮೂಡಿತು. ಇಲಿಯಾಸ್ ಕನ್ನಡಕ ಹಾಕಿಯೇ ಕೂತರು. ದೋಣಿಗೆ ಬೆಳಗಿದ ತಲೆ ನನಗೆ ಬೆಳಗದಿದ್ದರೆ? ಅದೂ ಇವಳ ಮುಂದೆ! ಪರದೆಯಲ್ಲಿ ನನ್ನ ಮುಖ ಒಂಚೂರು ತಿಳಿಯಾಯಿತು, ಆಮೇಲೆ ಕಪ್ಪಾಯಿತು. ಮತ್ತೆ ತಿಳಿ, ಮತ್ತೆ ಕಪ್ಪು. ಕೊನೆಗೆ ಮೂಗಿನ ನತ್ತೂ ಕಾಣದಷ್ಟು ಕಪ್ಪು.

"ದೋಣಿ ಅಂದ್ರ ಬೆಳಗತೈತಿ, ನನ್ನ ಮಾರಿ ಅಂದ್ರ ಕತ್ತಲಾಕೈತಿ! ಆ ದೋಣೀನ ಲಗ್ನ ಆಗಬೇಕಿತ್ತು ನೀವು!" ಅಂತ ಒದರಿಬಿಟ್ಟೆ.

"ಲೇ ಹುಚ್ಚಿ," ಅಂದರು ಇಲಿಯಾಸ್, "ದೋಣಿ ಮ್ಯಾಲ ನನಗೇನು ಆಸಿ? ನಿನ್ನ ನೋಡಬೇಕಂತ ಜೀವ ಹೊಡಕೊಳ್ತೈತಿ. ಅಂಥಾದ್ರಾಗ ತಣ್ಣಗ ಕುಂದ್ರು ಅಂದ್ರ ಹೆಂಗ ಕುಂದ್ರಲಿ?"

ಅಂದವರೇ ಪರದೆ ಬಿಟ್ಟು ನನ್ನ ಕಡೆ ತಿರುಗಿ ಕನ್ನಡಕ ತೆಗೆದರು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾನು ಕಾದದ್ದು ಇದಕ್ಕೇ. ಆದರೆ ನನ್ನ ಬುದ್ಧಿ ನೋಡಿ. ಇದನ್ನೆಲ್ಲ ಅವಳು ಕೇಳಿಸಿಕೊಂಡಳೋ ಇಲ್ಲವೋ, ಅವಳ ಮುಖ ಹೇಗಾಯಿತೋ ಅಂತ ಶಶಿರೇಖಾಳ ಕಡೆ ತಿರುಗಿಬಿಟ್ಟೆ. ಅವಳು ಪೇಸ್ಟಿನ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು, ತಲೆ ಎತ್ತಿರಲೇ ಇಲ್ಲ. ನಾನು ಮತ್ತೆ ಈ ಕಡೆ ನೋಡುವಷ್ಟರಲ್ಲಿ ನೀರು ಸುರಿಯುವ ಕಣ್ಣಿಗೆ ಅವರು ಕನ್ನಡಕ ಏರಿಸಿ ಆಗಿತ್ತು.

"ಕಂಡೆನ್ರಿ?" ಅಂತ ಕೇಳಿದೆ.

"ಕಿವಿ ಒಂದ ಕಂಡ್ತು," ಅಂದರು.