ಕರಡಿಗೆಯ ಮೇಲಿನ ಕೈ

ಹೊಳಬಸಪ್ಪ ಕಾಕಾ ಮೆಟ್ಟಿಲು ಹತ್ತುವುದನ್ನು ಕಂಡವರೆಲ್ಲ ಅವರನ್ನು ದೊಡ್ಡ ಶರಣರೆಂದೇ ಬಗೆದಿದ್ದರು. ಪುಣೆಯ ಖಡಕಿಯಲ್ಲಿರುವ ನಮ್ಮ ಹಳೆಯ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೂರನೆಯ ಮಹಡಿಯ ತಮ್ಮ ಮನೆಗೆ ಹೋಗುವಾಗ, ಸರಿಯಾಗಿ ನನ್ನ ಬಾಗಿಲೆದುರಿನ ತಿರುವಿನಲ್ಲಿ ಅವರು ಗಕ್ಕನೆ ನಿಲ್ಲುತ್ತಿದ್ದರು; ಕಣ್ಣು ಮುಚ್ಚುತ್ತಿದ್ದರು; ಬಲಗೈಯನ್ನು ಅಂಗಿಯೊಳಗೆ ತೂರಿಸಿ, ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯನ್ನು, ಅದರೊಳಗಿನ ಇಷ್ಟಲಿಂಗದ ಸಮೇತ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಜಗತ್ತಿನ ಪರಿವೆಯೇ ಇಲ್ಲದವರಂತೆ ನಿಂತುಬಿಡುತ್ತಿದ್ದರು. ಇಳಿದು ಬರುವವರು ಗೋಡೆಗೊತ್ತಿ ದಾರಿ ಬಿಡುತ್ತಿದ್ದರು. ಕೆಳಗಿನ ಮನೆಯ ಮರಾಠಿ ಅಜ್ಜಿಯಂತೂ ಚಪ್ಪಲಿ ಕಳಚಿ, "ಕಾಯ್ ಭಕ್ತಿ ಆಹೇ!", ಎಂಥ ಭಕ್ತಿಯಪ್ಪಾ, ಎಂದು ಕೈಮುಗಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಾಕಾ ಉಸಿರು ಬಿಟ್ಟು, ಕಣ್ಣು ತೆರೆದು, ಏನೂ ಆಗದವರಂತೆ ಮೇಲೇರುತ್ತಿದ್ದರು.

ವಿಜಯಪುರದ ಕಡೆಯಿಂದ ಹರೆಯದಲ್ಲೇ ಪುಣೆಗೆ ಬಂದು, ಹೆಗಲ ಮೇಲೆ ಕುಪ್ಪಸದ ಖಣದ ಗಂಟು ಹೊತ್ತು ಓಣಿ ಓಣಿ ತಿರುಗಿ, ಕೊನೆಗೆ ಖಡಕಿ ಬಜಾರದಲ್ಲಿ ಸ್ವಂತ ಅಂಗಡಿ ಮಾಡಿದ ಮನುಷ್ಯ ಅವರು. ಮೈಮೇಲೆ ಸದಾ ಒಂದು ಕಂದು ಉಣ್ಣೆಯ ತೋಳಿಲ್ಲದ ಕೋಟು; ಮೇ ತಿಂಗಳ ಧಗೆಯಲ್ಲಿಯೂ ಅದರ ಗುಂಡಿ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಬಾಯಲ್ಲಿ ಒಂದೇ ಪಲ್ಲವಿ: "ಏನಾಗ್ತದ? ಏನೂ ಆಗಂಗಿಲ್ಲ." ಗಿರಾಕಿ ಬಣ್ಣ ಹೋಗುತ್ತದೆಯೇ ಎಂದು ಕೇಳಿದರೂ ಅದೇ, ಮಳೆಗೆ ಮುಳಾ ನದಿ ಏರಿ ಸೇತುವೆಗೆ ಬಡಿದಾಗಲೂ ಅದೇ. ಊಟದಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ನಡುವೆ ಗುಳಿ ಮಾಡಿ ಎಣ್ಣೆ ಸುರಿಯಲೇಬೇಕು, ಉಂಡ ಮೇಲೆ ಅಂಗೈಯಲ್ಲಿ ತಂಬಾಕು ತಿಕ್ಕಲೇಬೇಕು. ಹೆಂಡತಿ ಪಾರವ್ವ ಕಾಕು ಹುಬ್ಬುಗಂಟಿಕ್ಕಿದರೆ ಪಲ್ಲವಿ ಇನ್ನೊಮ್ಮೆ ಹೊರಡುತ್ತಿತ್ತು.

ನಾನಾದರೋ ಹುಟ್ಟು ಅಂಜುಬುರುಕ. ಸೀನು ಬಂದರೆ ಡಾಕ್ಟರು, ಬೆನ್ನು ಹಿಡಿದರೆ ಡಾಕ್ಟರು. ಮನೆಯಲ್ಲಿ ದೇವರ ಜಗಲಿಯ ಪಕ್ಕದಲ್ಲೇ ಬಿಪಿ ಮಷೀನು. ಕಾಕಾಗೆ ನನ್ನನ್ನು ಕಂಡರೆ ಪ್ರೀತಿ, ಅದಕ್ಕಿಂತ ಹೆಚ್ಚು ಚೇಷ್ಟೆ. "ಹೆಸರ ನೋಡಿದ್ರ ಅಮರ, ದಿನಾ ಸಾಯ್ತೀಯಲ್ಲೋ ತಮ್ಮಾ!" ಎಂದು ನಗುತ್ತಿದ್ದರು. ಒಮ್ಮೆ ನಿಮ್ಮ ಬಿಪಿಯನ್ನೂ ನೋಡೋಣವೆಂದು ಪಟ್ಟಿ ಹಿಡಿದು ಹೋದರೆ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡುಬಿಟ್ಟರು. ಆಗ ಅವರ ಮುಖದಲ್ಲಿ ನಗು ಇರಲಿಲ್ಲ.

ಅದಕ್ಕೊಂದು ಕಾರಣವಿತ್ತೆಂದು ಕಾಕು ಆಮೇಲೆ ಹೇಳಿದಳು. ಕಾಕಾನ ಅಣ್ಣ ಸೊಲ್ಲಾಪುರದ ಅಂಗಡಿಯಲ್ಲಿ ಗಿರಾಕಿಯೆದುರು ಬಟ್ಟೆ ಅಳೆಯುತ್ತಿದ್ದಾಗಲೇ ಎದೆ ಹಿಡಿದು ಬಿದ್ದವರು ಮತ್ತೆ ಏಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಹಾರ್ಟು ಎಂಬ ಶಬ್ದವೇ ವರ್ಜ್ಯ. "ಹೆಸರ ಹಿಡದು ಕರದ್ರ ಬಂದೇ ಬಿಡ್ತದ," ಎನ್ನುತ್ತಿದ್ದರಂತೆ ಕಾಕಾ. ಹಾಗಾಗಿ ಕಾಕಾನ ಎದೆಯಲ್ಲಿ ಏನು ಬಂದರೂ ಅದು ವಾಯು. ಅದಕ್ಕೆ ಓಮದ ನೀರು, ಅದೂ ಆಗದಿದ್ದರೆ ಸೋಡಾ. ಒಂದು ಸಲ ಎಡದವಡೆ ನೋಯಿತೆಂದು ಗಟ್ಟಿಮುಟ್ಟಾದ ಹಲ್ಲನ್ನೇ ಕೀಳಿಸಿಕೊಂಡು ಬಂದರು. ಹಲ್ಲು ಹೋಯಿತು, ನೋವು ಉಳಿಯಿತು. ಬಜಾರದ ಏರು ಹತ್ತುವಾಗ ಬರುವ, ನಿಂತರೆ ಮಾಯವಾಗುವ ಹಲ್ಲುನೋವನ್ನು ನಾನಂತೂ ಕೇಳಿರಲಿಲ್ಲ. ಕಾಕುವಿನ ಬಾಯಿಂದ ಅದನ್ನು ಕೇಳಿದ ದಿನದಿಂದ ಮೆಟ್ಟಿಲ ಮೇಲೆ ಅವರ ಹೆಜ್ಜೆ ನಿಂತರೆ ನನ್ನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಬಾಗಿಲು ತೆರೆದರೆ ಅದೇ ಮುಚ್ಚಿದ ಕಣ್ಣು, ಅದೇ ಮುಷ್ಟಿ. ಪೂಜೆಯ ನಡುವೆ ಮಾತಾಡಿಸುವುದು ಹೇಗೆ? ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಿದ್ದೆ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಮೇಲಿನಿಂದ ಕಾಕು ಕೂಗಿದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. "ಅಮರಾ! ಲಗೂನ ಬಾರೋ!"

ಓಡಿದೆ. ಕಾಕಾ ಮಣೆಯ ಮೇಲೆ ಕುಳಿತು ಲಿಂಗಪೂಜೆಯಲ್ಲಿದ್ದರು. ಲಿಂಗವು ಕರಡಿಗೆಯಿಂದ ಹೊರಬಂದು ಎಡ ಅಂಗೈಯ ಮೇಲಿತ್ತು. ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡು ತಟ್ಟೆಯಲ್ಲಿತ್ತು. ಆದರೆ ಬಲಗೈ ಮಾತ್ರ ಎಂದಿನಂತೆ ಬರಿಯ ಎದೆಯ ಮೇಲೆ, ಏನೂ ಇಲ್ಲದ ಕಡೆ, ಚರ್ಮವನ್ನೇ ಮುಷ್ಟಿಯಲ್ಲಿ ಹಿಂಡಿ ಹಿಡಿದಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಎಡಗೈ ಗಡಗಡ ನಡುಗುತ್ತಿತ್ತು. ಲಿಂಗ ಜಾರೀತೆಂದು ಕಾಕು ಆ ಅಂಗೈಯ ಕೆಳಗೆ ತನ್ನ ಎರಡೂ ಅಂಗೈ ಒಡ್ಡಿ ಕುಳಿತಿದ್ದಳು. ಅಂಗೈಯ ಲಿಂಗ ನೆಲಕ್ಕೆ ಬೀಳುವುದೆಂದರೆ ಆ ಮನೆಗೆ ಸಾವಿಗಿಂತ ದೊಡ್ಡ ಅನಾಹುತ. ಅದಕ್ಕೇ ಆಕೆ ಎದ್ದು ಬರಲಾರದೆ ಕೂತಲ್ಲಿಂದಲೇ ಕೂಗಿದ್ದಳು.

"ಲಿಂಗ ಅಂಗೈಯಾಗ ಅದ," ಎಂದಳು ಗಂಡನ ಮುಖ ನೋಡುತ್ತ, ಅಳುವ ದನಿಯಲ್ಲಿ. "ಎದಿಮ್ಯಾಲ ಏನ ಹಿಡದೀರಿ? ಇಷ್ಟ ದಿನಾ ಏನ ಹಿಡೀತಿದ್ರಿ, ಹೇಳ್ರಿ!"

"ಏನಾಗ್ತದ..." ಎಂದರು ಕಾಕಾ. ಪಲ್ಲವಿಯ ಉಳಿದರ್ಧಕ್ಕೆ ಉಸಿರು ಸಾಲಲಿಲ್ಲ.

ಮೆಟ್ಟಿಲ ಮೇಲೆ, ಏರಿನಲ್ಲಿ ಬಂದು, ನಿಂತರೆ ಬಿಟ್ಟುಹೋಗುತ್ತಿದ್ದ ನೋವು ಇಂದು ಕೂತಲ್ಲಿಗೇ ಬಂದಿತ್ತು, ಹೋಗುತ್ತಿರಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದೆ. ಅತ್ತಲಿನ ದನಿ ಮರಾಠಿಯಲ್ಲಿ ಅವರನ್ನು ನಡೆಸಬೇಡಿ, ಒರಗಿಸಿ ಕೂರಿಸಿ ಎಂದಿತು. ಔಷಧಿ ಒಗ್ಗದಿರುವುದು, ರಕ್ತಸ್ರಾವ ಏನಾದರೂ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದ ಮೇಲೆ ಆಸ್ಪಿರಿನ್ ಮಾತ್ರೆ ಅಗಿಯಲು ಕೊಡಿರೆಂದಿತು. ಅಂಜುಬುರುಕನ ಮನೆಯಲ್ಲಿ ಯಾವ ಮಾತ್ರೆಗೆ ಬರ? ತಂದೆ. ಕಾಕಾ ಬಾಯಿ ತೆರೆಯಲಿಲ್ಲ. ಪೂಜೆ ಮುಗಿಯಲೆಂದು ಕಣ್ಣಲ್ಲೇ ಹೇಳಿದರು.

ಇವರೂ ಅಣ್ಣನ ದಾರಿ ಹಿಡಿದಾರೆಂದು ಅಂಜಿ, ನಾನು ಮಣೆಯ ಮುಂದೆ ಕುಸಿದು ಅತ್ತೇಬಿಟ್ಟೆ. "ಕಾಕಾ, ನಿಮಗ ಏನೂ ಆಗಂಗಿಲ್ಲ ಖರೆ. ನನಗ ಭಾಳ ಅಂಜಿಕಿ ಆಗ್ಲಿಕ್ಹತ್ತದ. ನನ್ನ ಸಲುವಾಗಿ ಬರ್ರಿ."

ಅವರು ನನ್ನನ್ನು ನೋಡಿದರು. ಆಮೇಲೆ, ಬಹಳ ಮೆಲ್ಲಗೆ, ಎಡ ಅಂಗೈಯನ್ನು ವಾಲಿಸಿ ಲಿಂಗವನ್ನು ಕಾಕುವಿನ ಕೈಗಿಳಿಸಿದರು. "ನನಗೂ ಅಂಜಿಕಿ ಅದನೋ, ತಮ್ಮಾ," ಎಂದು ಬಾಯಿ ತೆರೆದರು. ಮಾತ್ರೆ ಹಾಕಿದೆ.

ಆಂಬುಲೆನ್ಸ್ ಬಂದ ಕೂಡಲೇ ಕುರ್ಚಿಯಲ್ಲಿ ಕೂರಿಸಿ ನಾಲ್ಕಾರು ಜನ ಹೊತ್ತು ಇಳಿಸಿದರು. ಕೆಳಗೆ ಅಜ್ಜಿ ಅಭ್ಯಾಸಬಲದಿಂದ ಚಪ್ಪಲಿ ಕಳಚಿ ಕೈಮುಗಿದಳು. ಮುಚ್ಚಿದ ಕರಡಿಗೆಯನ್ನು ಎದೆಗವಚಿಕೊಂಡು ಬರುತ್ತಿದ್ದ ಕಾಕು ಗದರಿದಳು: "ನಮಸ್ಕಾರ ಸಾಕ್ರಿ, ದಾರಿ ಬಿಡ್ರಿ!" ಕನ್ನಡ ಬಾರದ ಅಜ್ಜಿಗೂ ಅದು ತಿಳಿಯಿತು.

ಆಸ್ಪತ್ರೆಯಲ್ಲಿ ಅವರನ್ನು ಒಳಗೊಯ್ದ ಮೇಲೆ ಡಾಕ್ಟರ್ ಕೇತಕಿ ಹೊರಬಂದು, ನಡೆದಾಗ ಬಂದು ನಿಂತಾಗ ಹೋಗುವ ನೋವು, ಅದು ಎದೆಯಲ್ಲಿರಲಿ ದವಡೆಯಲ್ಲಿರಲಿ ತೋಳಲ್ಲಿರಲಿ, ಹೃದಯದ ರಕ್ತನಾಳ ಕಿರಿದಾಗಿದೆಯೆಂಬ ಎಚ್ಚರಿಕೆ ಎಂದು ಹೇಳಿ, ಇದು ಯಾವಾಗಿನಿಂದ ಇತ್ತೆಂದು ಕೇಳಿದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಕಾಕು ಕರಡಿಗೆಯನ್ನೇ ನೋಡುತ್ತ ಉತ್ತರಿಸಿದಳು: "ಮಂದಿ ಇವರಿಗೆ ಕೈಮುಗೀಲಿಕ್ಕೆ ಹತ್ತಿದಾಗಿಂದ."

ಕಾಕಾ ಉಳಿದರು. ಕಟ್ಟಿದ್ದ ನಾಳವನ್ನು ತೆರೆದು ಸ್ಟೆಂಟ್ ಹಾಕಿದರು. ಆದರೆ ಹೃದಯದ ಒಂದು ಭಾಗ ಸೊರಗಿಯೇ ಹೋಯಿತು, ಅದು ತಿರುಗಿ ಬರುವುದಿಲ್ಲವಂತೆ. ತಂಬಾಕು ಬಿಟ್ಟಿದ್ದಾರೆ, ಹಿಂಡಿಯ ಗುಳಿ ಒಣಗಿದೆ, ಬಿಪಿ ಪಟ್ಟಿಗೆ ತಾವೇ ತೋಳು ಚಾಚುತ್ತಾರೆ. ಕೋಟಿನ ಗುಂಡಿ ಬಿಚ್ಚಿದೆ. ಕೆಳಮಹಡಿಯ ಮನೆ ಹುಡುಕುತ್ತಿದ್ದಾರೆ. ಸಿಗುವ ತನಕ ಇದೇ ಮೆಟ್ಟಿಲು. ಈಗ ಅವರು ನಿಜವಾಗಿ ಲಿಂಗವನ್ನು ಹಿಡಿದು ನಿಂತರೂ ಯಾರೂ ನಂಬುವುದಿಲ್ಲ, ಪಾಪ. "ಪೂಜೀನೋ, ನೋವೋ?" ಎಂದು ಮೇಲಿನಿಂದ ಕಾಕು ಕೇಳುತ್ತಾಳೆ. ಸುಳ್ಳು ಹೇಳಿದರೆ ಇಳಿದು ಬರುತ್ತಾಳೆ.

ಮೊನ್ನೆ ಸಂಜೆ ಆ ತಿರುವಿನಲ್ಲಿ ಹೆಜ್ಜೆ ನಿಂತಿತು. ಆಮೇಲೆ ಬಾಗಿಲು ಬಡಿದ ಸದ್ದು. "ಸ್ವಲ್ಪ ನೋವದ. ಕುರ್ಚಿ ಕೊಡು," ಎಂದರು ಕಾಕಾ. ಜಗತ್ತಿನ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತು ತಿರುಗಿದ ಇಂಥ ಗಟ್ಟಿ ಮನುಷ್ಯರು ಎಲ್ಲ ಊರಲ್ಲೂ ಇದ್ದಾರೆ. ತಮ್ಮ ಅಂಜಿಕೆಗೆ ಧೈರ್ಯವೆಂದೋ ಭಕ್ತಿಯೆಂದೋ ಹೆಸರಿಟ್ಟು, ನಮ್ಮ ಬಾಗಿಲೆದುರೇ ಕಣ್ಣು ಮುಚ್ಚಿ ನಿಲ್ಲುತ್ತಾರೆ. ನಾವು ಗೌರವದಿಂದ ಸರಿದು ನಿಲ್ಲುತ್ತೇವೆ. ಅವರಲ್ಲಿ ಬಾಗಿಲು ಬಡಿದು ಕುರ್ಚಿ ಕೇಳುವವರು ತೀರ ಕಡಿಮೆ. ಆದ್ದರಿಂದ ನನ್ನ ಕುರ್ಚಿ ಈಗ ಮೆಟ್ಟಿಲ ತಿರುವಿನಲ್ಲೇ ಇರುತ್ತದೆ.