ಎದುರುತೂಕ

ಮೂರು ಸೀಟು ಮುಂದೆ ಆ ಬೋಳುತಲೆ, ಬಸ್ಸು ತಿರುವಿನಲ್ಲಿ ವಾಲಿದಾಗ ತಾನೂ ವಾಲಿ ಮತ್ತೆ ನೆಟ್ಟಗಾಗುವ ತಲೆ, ನೆತ್ತಿಯ ಮೇಲೆ ಬಿಸಿಲಿನ ಒಂದು ಬಿಲ್ಲೆ, ಅದು ಮಾತ್ರ ಜಾರುವುದಿಲ್ಲ — ಅತ್ತ ನೋಡಬೇಡ ಎನಿಡ್, ಹೊರಗೆ ನೋಡು, ಚೆಸ್ಟ್‌ನಟ್ ಮರಗಳು, ಕಲ್ಲುಗೋಡೆ, ಗೋಡೆಯಾಚೆ ಅದೇ ಕತ್ತೆ, ಬುಧವಾರದ ಕತ್ತೆ, ನನ್ನನ್ನು ನೋಡಿ ಅದೂ ಮುಖ ತಿರುಗಿಸಿತೇ, ಇಲ್ಲ, ಕತ್ತೆಗಳಿಗೆ ಅಷ್ಟು ಬಿಡುವಿರುವುದಿಲ್ಲ — ಊರು ಮುಗಿಯಿತೆಂದು ಅದರ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಫಲಕ ದಾಟಿದ್ದೇ ತಡ, ಶಿಬಿರ ನಡೆಸುವ ತೋಮಾಸ್ ಮೈಕಿನಲ್ಲಿ ಕೂಗಿದ, ಇಂಗ್ಲಿಷ್ ವಾರ ಮುಗೀತು, ಇನ್ನು ಹೊಟ್ಟೆ ತುಂಬ ಹರಟ್ಕೊಳ್ಳಿ ಮಕ್ಕಳಾ, ಆರು ದಿನ ಬಾಯಿ ಹೊಲಿದುಕೊಂಡಿದ್ದ ಇಪ್ಪತ್ತು ಮಂದಿ ಸ್ಪೇನಿನವರು ಒಟ್ಟಿಗೇ ಬಾಯಿ ಬಿಟ್ಟರು, ಕೆರೆ ಕೋಡಿ ಬಿದ್ದ ಹಾಗೆ, ನಾನು ಆ ನೀರಿನ ನಡುವೆ ಏನೂ ಅರ್ಥವಾಗದವಳ ನಗೆ ಹೊತ್ತು ಕೂತಿದ್ದೇನೆ, ಎಡಕ್ಕೆ ಸ್ವಲ್ಪ ಓರೆ, ಹುಬ್ಬು ಸ್ವಲ್ಪ ಮೇಲೆ, ಆರು ದಿನ ತೊಟ್ಟು ಈಗ ಒಳ್ಳೆ ಹಳೇ ಚಪ್ಪಲಿಯ ಹಾಗೆ ಕೂರುವ ನಗೆ. ಎಲ್ಲ ಅರ್ಥವಾಗುತ್ತದೆ. ಹಿಂದಿನ ಸೀಟಿನವನಿಗೆ ಹೋಟೆಲಿನ ಬೇಳೆ ಸಾರಿನಿಂದ ಹೊಟ್ಟೆ ಕೆಟ್ಟಿದೆ, ಪಕ್ಕದವಳ ತಂಗಿ ಮತ್ತೆ ಬಸುರಿ. ಇಪ್ಪತ್ತೆರಡರ ವಯಸ್ಸಿನಲ್ಲಿ ಎರಡು ವರ್ಷ ಇದೇ ಸ್ಪೇನಿನ ಸರಗೋಸಾದ ಒಬ್ಬ ಹಲ್ಲಿನ ಡಾಕ್ಟರ ಮಕ್ಕಳನ್ನು ನೋಡಿಕೊಂಡಿದ್ದೆ, ಆ ಮಕ್ಕಳು ನನಗೆ ಕಲಿಸಿದ ಭಾಷೆ, ಮೊದಲು ಬೈಗುಳ, ಆಮೇಲೆ ತಿಂಡಿ, ಆಮೇಲೆ ಉಳಿದದ್ದು. ಹೋದ ವರ್ಷ ಈ ಶಿಬಿರಕ್ಕೆ ಇಂಗ್ಲಿಷ್ ಮಾತಾಡುವ ಜೊತೆಗಾರಳಾಗಲು ಹಾಕಿದ ಅರ್ಜಿಯಲ್ಲಿ ನಿಜ ಬರೆದಿದ್ದೆ, ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ ಎಂದು, ಉತ್ತರವೇ ಬರಲಿಲ್ಲ, ಅವರಿಗೆ ಬೇಕಾದದ್ದು ಅದು ಬಾರದವರು, ಹಾಗಿದ್ದರೆ ತಾನೇ ಕಲಿಯುವವರಿಗೆ ಇಂಗ್ಲಿಷ್ ಬಿಟ್ಟು ಗತಿ ಇರುವುದಿಲ್ಲ. ಈ ವರ್ಷ ಒಂದು ಖಾನೆಗೆ ಗುರುತು ಹಾಕಿದೆ — ಸ್ವಲ್ಪವೂ ಬರುವುದಿಲ್ಲ. ಇಂಗ್ಲೆಂಡಿನ ಹಲ್ ನಗರದ ಲೈಬ್ರರಿಯಲ್ಲಿ ಮೂವತ್ತು ವರ್ಷ ಇತರರ ಸುಳ್ಳು ವಿಳಾಸಗಳನ್ನು ಹಿಡಿದವಳು ನಾನು, ನನ್ನದೊಂದು ಸಣ್ಣ ಗುರುತು, ಅದಕ್ಕೆ ಬದಲಾಗಿ ಬೆಟ್ಟದ ಹೋಟೆಲಿನಲ್ಲಿ ಒಂದು ವಾರ ಊಟ, ಕೋಣೆ, ಮಾತು. ಮೊದಲ ದಿನ ತೋಮಾಸ್ ನನ್ನ ಭುಜದ ಮೇಲೆ ಕೈಯಿಟ್ಟು ಮೆರೆಸಿದ, ಇವರು ಎನಿಡ್, ನಮ್ಮ ಭಾಷೇಲಿ ನಮಸ್ಕಾರ ಅನ್ನೋದಕ್ಕೂ ಬರಲ್ಲ, ಅಪ್ಪಟ ಚಿನ್ನ.

ಚಿನ್ನದ ಮುಂದೆ ಯಾರೂ ದನಿ ತಗ್ಗಿಸಲಿಲ್ಲ. ಇಂಗ್ಲಿಷನ್ನೇ ಆಡಬೇಕೆಂಬ ನಿಯಮವಿದ್ದರೂ ಊಟದ ಮೇಜಿನಲ್ಲಿ ಕದ್ದು ಸ್ಪ್ಯಾನಿಷ್ ಆಡುತ್ತಿದ್ದರು, ಸೋಮವಾರವೇ ನೂರಿಯಾ — ಲಿಫ್ಟ್ ಕಂಪನಿಯ ಸಿಬ್ಬಂದಿ ವಿಭಾಗದವಳು, ತನ್ನವರು ಎಷ್ಟು ಕಲಿತರು ಎಂದು ಬರೆದುಕೊಳ್ಳಲು ಬಂದವಳು — ನನ್ನ ತಟ್ಟೆಯ ಮೇಲಿಂದ ಗೆಳತಿಯ ಕಡೆ ಬಾಗಿ ಅಂದಳು, ಈ ಅಜ್ಜಿ ಎದುರಿಗೆ ಏನು ಬೇಕಾದ್ರೂ ಹೇಳ್ಬಹುದು ಕಣೇ, ಸೋಫಾ ಇದ್ದ ಹಾಗೆ, ಆಮೇಲೆ ಹೇಳಿಯೇ ಹೇಳಿದಳು, ಗಂಡ ಬೆನ್ನುನೋವಿಗೆ ಮಾಲೀಶು ಮಾಡುವವಳ ಮನೆಗೇ ಹೋಗಿ ನೆಲೆಸಿದ್ದು, ತಾನು ಮಾತ್ರೆ ನುಂಗಿ ನಿದ್ದೆ ಮಾಡುವುದು, ಸೋಫಾ ಕಡಲೆಕಾಳು ಜಗಿಯುತ್ತ ಕಿಟಕಿ ನೋಡಿತು, ಸೋಫಾಕ್ಕೆ ಎಷ್ಟು ಮಜಾ ಬಂತೆಂದರೆ ರಾತ್ರಿ ಡೈರಿಯಲ್ಲಿ ಎರಡು ಪುಟ ಬರೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ, ನಾನು ಕಿವಿ ಮುಚ್ಚಿದಂತೆ ನಟಿಸಿ ಕುಡಿದೆ. ನನ್ನ ಪಾಲಿಗೆ ಬಂದ ಜೋಡಿ ಆ ಬೋಳುತಲೆ, ಎವರಿಸ್ತೋ, ಐವತ್ತೇಳು, ವಯ್ಯದೊಲೀದ್‌ನವನು, ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ, ಈಗ ನೂರಿಯಾಳ ಆ ಕಂಪನಿಯನ್ನು ಡಚ್ಚರು ಕೊಂಡಿದ್ದಾರೆ, ಹೊಸಬರಿಗೆ ಇಂಗ್ಲಿಷಿನಲ್ಲಿ ಕೆಲಸ ಕಲಿಸುವವನೊಬ್ಬ ಬೇಕು, ಶುಕ್ರವಾರ ಹತ್ತು ನಿಮಿಷ ಭಾಷಣ, ಗೆದ್ದರೆ ಆ ಜಾಗ, ಸೋತರೆ ಮನೆ. ಮಂಗಳವಾರ ಚೆಸ್ಟ್‌ನಟ್ ತೋಪಿನಲ್ಲಿ ನಡೆಯುವಾಗ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿಕೊಟ್ಟ, ಎನೀ, ಲಿಫ್ಟು ಮೇಲೆ ಹೋಗುವುದು ಯಾಕೆ, ಮೋಟರು ಇದೆ, ಆದರೆ ಮೋಟರು ಚಿಕ್ಕದು, ಯಾಕೆ ಚಿಕ್ಕದು, ಹಿಂದೆ ಇನ್ನೊಂದು ಇದೆ, ಯಾರೂ ನೋಡುವುದಿಲ್ಲ, ಅವನು ಇಳಿಯುತ್ತಾನೆ, ನೀನು ಏರುತ್ತೀಯ — ಬಲಗೈ ಏರಿತು, ಎಡಗೈ ಇಳಿಯಿತು, ಗ್ರೀಸು ಉಗುರಿನೊಳಗೆ ಶಾಶ್ವತವಾಗಿ ಉಳಿದ ಕೈಗಳು, ಎದೆಯ ಮಟ್ಟದಲ್ಲಿ ಒಂದನ್ನೊಂದು ದಾಟಿದವು — ಇಲ್ಲಿ ಮಾತ್ರ, ಎನೀ, ಒಂದು ಸಲ ಇಬ್ಬರೂ ಸಮ. ಎದುರುತೂಕ, ಅಂದೆ ನಾನು ಇಂಗ್ಲಿಷಿನಲ್ಲಿ, ಹಗ್ಗದ ಆ ತುದಿಗೆ ಕಟ್ಟಿದ ಭಾರ, ಅವನು ಮೂರು ಸಲ ಹೇಳಿ, ನಾಲ್ಕನೆಯ ಸಲಕ್ಕೆ ಮರೆತ. ಬುಧವಾರ ಕಲ್ಲುಗೋಡೆಯ ಮೇಲೆ ಕೂತಾಗ ಹೆಂಡತಿಗೆ ಫೋನು, ಸ್ಪ್ಯಾನಿಷಿನಲ್ಲಿ, ನನ್ನ ಪಕ್ಕದಲ್ಲೇ, ವಿಸೀ, ಕೇಳೇ, ನಾನು ಈ ಇಂಗ್ಲಿಷಮ್ಮನಿಗೆ ಲಿಫ್ಟು ಹೇಳ್ಕೊಟ್ಟೆ, ಅವರು ನಂಗೆ ಮಳೆ ಹೇಳ್ಕೊಟ್ರು, ಮಳೇಗೇ ಅವರ ಹತ್ರ ಹನ್ನೆರಡು ಮಾತಿದೆ ಮಾರಾಯ್ತಿ, ಮಳೆ ನಿಂತ ದಿನ ಅಲ್ಲಿ ಗಂಡ ಹೆಂಡ್ತಿ ಮೌನವ್ರತ ಇರ್ಬೇಕು, ಪಾಪ — ನಾನು ನಕ್ಕುಬಿಟ್ಟೆ. ಸರಿಯಾಗಿ ಅಲ್ಲೇ, ನಗಬೇಕಾದಲ್ಲೇ. ಅವನು ಫೋನು ಕಿವಿಗೊತ್ತಿಕೊಂಡೇ ನನ್ನ ಕಡೆ ತಿರುಗಿದ. ಕತ್ತೆ, ಅಂದೆ ನಾನು, ಆ ಕತ್ತೆ ನೋಡಿ ನಗು ಬಂತು. ಅವನು ಕತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಹೌದು ಹೌದು, ತಮಾಷೆ ಕತ್ತೆ, ಅಂದ. ಗುರುವಾರದ ಫೋನಿನಲ್ಲಿ ಅವನ ಸ್ಪ್ಯಾನಿಷ್ ನಿಧಾನವಾಗಿತ್ತು, ಬೇಕಾದ್ದಕ್ಕಿಂತ ಒಂದು ಎಳೆ ಗಟ್ಟಿಯಾಗಿತ್ತು, ವಿಸೀ, ಈ ಹೆಂಗಸು ತುಂಬ ಒಳ್ಳೆಯವರು ಕಣೇ, ಇವರು ಪಕ್ಕದಲ್ಲಿದ್ರೆ ನಂಗೆ ಭಯ ಇಲ್ಲ. ಅದು ವಿಸಿಗೆ ಹೇಳಿದ್ದಲ್ಲ, ನನಗೆ, ಆಗಲೇ ಗೊತ್ತಿತ್ತು, ಗೊತ್ತಿದ್ದೂ ಚೆಸ್ಟ್‌ನಟ್ ಸುಲಿಯುತ್ತ ಕೂತೆ.

ಶುಕ್ರವಾರ ಟೈ ಕಟ್ಟಿಕೊಂಡು ಬಂದ, ಗಂಟನ್ನು ವಿಸಿ ಮನೆಯಲ್ಲೇ ಹಾಕಿ ಕಳಿಸಿದ್ದಳಂತೆ, ವಾರವಿಡೀ ಹಾಗೇ ಗೂಟಕ್ಕೆ ತೂಗಿತ್ತಂತೆ, ಮುಂದಿನ ಸಾಲಿನಲ್ಲಿ ನೂರಿಯಾ, ತೊಡೆಯ ಮೇಲೆ ಹಾಳೆ. ನನ್ನ ಹೆಸರು ಎವರಿಸ್ತೋ, ಮೂವತ್ತೊಂದು ವರ್ಷ ದುಡಿದು ನಾನು ಎಂಟನೇ ಮಹಡಿವರೆಗೆ ಮಾತ್ರ ಏರಿದ್ದೇನೆ, ಅಂದ, ಜನ ನಕ್ಕರು, ನೂರಿಯಾಳೂ ನಕ್ಕು ಏನೋ ಬರೆದಳು, ಚೆನ್ನಾಗಿ ಹೋಗುತ್ತಿತ್ತು, ಐದು ನಿಮಿಷ, ಆರು, ಮೋಟರು ಚಿಕ್ಕದು, ಯಾಕೆ ಚಿಕ್ಕದು, ಯಾಕೆಂದರೆ — ನಿಂತ. ತೋಮಾಸನ ನಿಯಮ, ಸಿಕ್ಕಿಕೊಂಡವರಿಗೆ ಅವರ ಜೋಡಿ ಒಂದು ಪದ ಹೇಳಿಕೊಡಬಹುದು, ಒಂದೇ ಒಂದು, ಬೇರೆ ಯಾರೂ ಬಾಯಿ ಹಾಕಬಾರದು. ಅವನು ನನ್ನನ್ನು ನೋಡಿದ. ಬಲಗೈ ಏರಿತು, ಎಡಗೈ ಇಳಿಯಿತು. ನನ್ನ ಬಾಯಲ್ಲಿ ಪದ ತಯಾರಾಗಿತ್ತು, ಹಲ್ ಲೈಬ್ರರಿಯ ನೆಲಮಾಳಿಗೆಯಿಂದ ಪುಸ್ತಕ ಏರಿಸುವ ಮರದ ಲಿಫ್ಟಿನ ಎದುರುತೂಕ ಕಳಚಿ ಬಿದ್ದಾಗ ಕೌನ್ಸಿಲಿಗೆ ಬರೆದ ದೂರಿನಲ್ಲಿ ಆ ಪದವನ್ನು ಏಳು ಸಲ ಬರೆದವಳು ನಾನು — ಅಷ್ಟರಲ್ಲಿ ಅವನು ಮೆಲ್ಲಗೆ, ಎನೀ, ಕೊಂತ್ರಾಪೇಸೊ, ಅಂದ, ಅದೇ ಎದುರುತೂಕ. ಸ್ಪ್ಯಾನಿಷಿನಲ್ಲಿ. ಕೋಣೆಯೆಲ್ಲ ನನ್ನ ಕಡೆ ತಿರುಗಿತು, ನೂರಿಯಾ ತಿರುಗಿದಳು, ಇವಳಿಗೆ ಈ ಒಂದು ಪದ ಗೊತ್ತಿದ್ದರೆ ಮಾಲೀಶಿನವಳೂ ಗೊತ್ತು, ಮಾತ್ರೆಯೂ ಗೊತ್ತು, ಸೋಫಾ ಎದ್ದು ನಿಂತು ಮಾತಾಡಿದ ಹಾಗಾಗುತ್ತದೆ — ನನ್ನ ಹುಬ್ಬು ತಾನಾಗಿ ಮೇಲೇರಿತು, ಅಂಗೈಗಳು ಬಿಚ್ಚಿಕೊಂಡವು, ಕ್ಷಮಿಸಿ, ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಅಂದೆ, ಲೈಬ್ರರಿಯ ದನಿಯಲ್ಲಿ, ಒಂದೊಂದು ಅಕ್ಷರವೂ ಸ್ಪಷ್ಟ. ಭೇಷ್ ಎನಿಡ್, ನಿಯಮ ಅಂದ್ರೆ ನಿಯಮ, ತೋಮಾಸ್ ಚಪ್ಪಾಳೆ ತಟ್ಟಿದ, ಎಲ್ಲರೂ ನಕ್ಕರು. ಅವನ ಕೈಗಳು ಎದೆಯ ಮಟ್ಟದಲ್ಲಿ ಸಮವಾಗಿ ನಿಂತಿದ್ದವು. ಒಂದು ಪದ ಹೇಳಿದ್ದರೆ ಅವನು ನಾನೂ ನೀನೂ ಸಮ ಅನ್ನುತ್ತಿದ್ದನೇನೋ. ಆಮೇಲೆ ಕೈಗಳನ್ನು ಜೇಬಿಗೆ ತುರುಕಿಕೊಂಡ, ಅಷ್ಟೇ, ಧನ್ಯವಾದ, ಅಂದ, ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು. ಹೊರಗೆ ಕಾಫಿ ಹಿಡಿದು ಫರ್ಗಸ್ ಬಂದ, ಸ್ಕಾಟ್ಲೆಂಡಿನ ನಿವೃತ್ತ ಪೋಸ್ಟ್‌ಮ್ಯಾನ್, ಸ್ಪ್ಯಾನಿಷಿನಲ್ಲಿ ಬಿಯರ್ ಕೇಳುವಷ್ಟೂ ಬಾರದವನು, ಪಾಪ ಕಣಮ್ಮಾ ಆ ಮನುಷ್ಯ, ಎದುರುತೂಕ ಅಂತಿದ್ದ ಅಲ್ವಾ, ಕೈ ನೋಡಿದ್ರೆ ಕುರುಡನಿಗೂ ಗೊತ್ತಾಗ್ತಿತ್ತು, ನಿನಗೆ ಹೆಂಗೆ ಹೊಳೀಲಿಲ್ಲ? ಹೆಂಗೆ ಹೊಳೆಯಲಿಲ್ಲ. ನಿಜವಾಗಿ ಬಾರದವಳಾಗಿದ್ದರೆ ಕೈ ನೋಡಿ ಹೇಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದವರಾದರೂ ಯಾರು, ಯಾರೂ ಅನ್ನಲಿಲ್ಲ, ಹೆಗಲು ಮಾತ್ರ ನಾನೇ ಒರೆಸಿಕೊಂಡೆ.

ಈಗ ಬಸ್ಸಿನಲ್ಲಿ, ನನ್ನ ಹಿಂದಿನ ಸಾಲಿನಲ್ಲಿ ನೂರಿಯಾ ಫೋನಿನಲ್ಲಿದ್ದಾಳೆ, ಎವರಿಸ್ತೋನಾ, ಇಲ್ಲ, ಆಗ್ಲಿಲ್ಲ, ಒಳ್ಳೆ ಮನುಷ್ಯ, ಶುರು ಚೆನ್ನಾಗಿತ್ತು, ಒಂದು ಪದಕ್ಕೆ ಸಿಕ್ಕಾಕ್ಕೊಂಡ, ಸೋಮವಾರ ಬರೆದು ಕಳಿಸ್ತೀನಿ — ಸೋಮವಾರ, ಹಾಗಾದರೆ ಇನ್ನೂ ಬರೆದಿಲ್ಲ, ಮ್ಯಾಡ್ರಿಡ್‌ಗೆ ಇನ್ನೂ ಒಂದೂವರೆ ಗಂಟೆ ಇದೆ, ಎದ್ದು ಎರಡು ಹೆಜ್ಜೆ ಹಿಂದೆ ಹೋಗಿ, ನೂರಿಯಾ, ತಪ್ಪು ನನ್ನದು, ಅವನಿಗೆ ಆ ಒಂದು ಪದ ನ್ಯಾಯವಾಗಿ ಸಿಗಬೇಕಿತ್ತು ಎಂದು ಅವಳ ಭಾಷೆಯಲ್ಲೇ ಹೇಳಿದರೆ ಸಾಕು, ಸರಗೋಸಾದ ಮಕ್ಕಳು ಕಲಿಸಿದ ಹಾಗೆ, ವ್ಯಾಕರಣ ಕೂಡ ತಪ್ಪುವುದಿಲ್ಲ, ವಾಕ್ಯ ಸಿದ್ಧವಾಗಿದೆ, ಏಳುತ್ತೇನೆ, ಮುಂದಿನ ತಿರುವಿನ ನಂತರ, ಆ ಪೆಟ್ರೋಲ್ ಬಂಕ್ ದಾಟಿದ ಮೇಲೆ, ಬಂಕ್ ದಾಟಿತು — ಬೋಳುತಲೆ ಎದ್ದಿತು. ಸೀಟಿನ ಬೆನ್ನುಗಳನ್ನು ಹಿಡಿಹಿಡಿದು ಬರುತ್ತಿದ್ದಾನೆ, ಟೈ ಇಲ್ಲ, ನನ್ನ ಪಕ್ಕದಲ್ಲಿ ನಿಂತು ಬಗ್ಗಿದ, ತನ್ನ ಭಾಷೆಯಲ್ಲೇ, ಬೇರೆ ಯಾರಿಗೂ ಕೇಳಿಸದ ಹಾಗೆ, ಬೇಜಾರು ಮಾಡ್ಕೋಬೇಡಿ ಅಮ್ಮಾ, ನಿಮಗೂ ಏನೋ ಕಷ್ಟ ಇದ್ದಿರುತ್ತೆ. ನನ್ನ ಮುಖ ಎಡಕ್ಕೆ ಓರೆಯಾಗುತ್ತದೆ, ಹುಬ್ಬು ಏರುತ್ತದೆ, ನಾನು ಏರಿಸಿದ್ದಲ್ಲ, ಏನಂದಿರಿ, ಅನ್ನುತ್ತೇನೆ ಇಂಗ್ಲಿಷಿನಲ್ಲಿ, ಎರಡನೆಯ ಸಲ, ದೇವರೇ, ಎರಡನೆಯ ಸಲ. ಅವನು ತಲೆಯಾಡಿಸುತ್ತಾನೆ, ಕೋಪವಿಲ್ಲ, ಕೋಪವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಏನಿಲ್ಲ ಎನೀ, ಅನ್ನುತ್ತಾನೆ ಅವನೂ ಇಂಗ್ಲಿಷಿನಲ್ಲೇ, ಈಗ ಕಲಿತೆ, ನಿಘಂಟಿನಲ್ಲಿ ನೋಡಿದೆ, ಎದುರುತೂಕ, ಸರಿಯಾ — ಸರಿ, ಅಕ್ಷರ ಅಕ್ಷರವೂ ಸರಿ — ಎಂದು ಕೇಳಿ, ಸೀಟಿನ ಬೆನ್ನು ಬಿಟ್ಟು, ಅಲುಗಾಡುವ ಬಸ್ಸಿನಲ್ಲಿ ಯಾವ ಆಧಾರವೂ ಇಲ್ಲದೆ ಎರಡೂ ಕೈ ಎತ್ತುತ್ತಾನೆ, ಬಲಗೈ ಏರುತ್ತದೆ, ಎಡಗೈ ಇಳಿಯುತ್ತದೆ, ಉಗುರಿನೊಳಗೆ ಆ ಕಪ್ಪು, ಹಿಂದೆ ನೂರಿಯಾ ನಗುತ್ತಿದ್ದಾಳೆ ಯಾವುದಕ್ಕೋ, ಎದ್ದೇಳು ಎನಿಡ್, ಬಲಗೈ ಏರುತ್ತದೆ, ಎಡಗೈ ಇಳಿಯುತ್ತದೆ, ಎದೆಯ ಮಟ್ಟಕ್ಕೆ ಬಂದು ಎರಡೂ ನಿಲ್ಲುತ್ತವೆ, ಸಮವಾಗಿ, ನನ್ನ ಕಣ್ಣೆದುರಿಗೆ, ನನ್ನ ಮಾತಿಗೆ ಕಾದು ನಿಂತೇ ಇವೆ, ಎರಡು ಕೈ —